ಸಂಸಾರಸ್ಥರ ಬಡಾವಣೆ

ಬೆಂಗಳೂರಿನಲ್ಲಿ ಮಕ್ಕಳಿರುವ ಕುಟುಂಬಗಳು ಮನೆ ಹುಡುಕಲು ಹೊರಟಾಗ ಬಸವನಗುಡಿ, ಮಲ್ಲೇಶ್ವರ, ಜಯನಗರ ಎಂಬ ಹೆಸರುಗಳು ಮೊದಲು ಬಾಯಿಗೆ ಬರುತ್ತವೆ. ಬಾಡಿಗೆ ಎಷ್ಟೆಂದು ಕೇಳಿದ ಮೇಲೆ ಹಲವರು ಇನ್ನೆಲ್ಲಿಗೋ ಹೋಗುತ್ತಾರೆ, ಆ ಮಾತು ಬೇರೆ. ಇಲ್ಲಿನ ಮನೆಗಳೇನೂ ಹೊಸ ಬಡಾವಣೆಯ ಮನೆಗಳಿಗಿಂತ ಹೆಚ್ಚು ಅನುಕೂಲದವಲ್ಲ. ಎಷ್ಟೋ ಮನೆಗಳಿಗೆ ಕಾರು ನಿಲ್ಲಿಸುವ ಜಾಗವಿಲ್ಲ, ಲಿಫ್ಟಿಲ್ಲ, ಮಳೆಗಾಲದಲ್ಲಿ ತಾರಸಿ ಸೋರುವುದೂ ಉಂಟು. ಆದರೂ ಜನ ಅಲ್ಲೇ ಇರಬೇಕೆಂದು ಬಯಸುವುದಕ್ಕೆ ಕಾರಣ ಗೇಟಿನ ಆಚೆಗಿದೆ: ಮರದ ನೆರಳಿರುವ ರಸ್ತೆ, ನಡೆದು ಹೋಗುವಷ್ಟು ಹತ್ತಿರದ ಶಾಲೆ, ಕತ್ತಲಾದ ಮೇಲೂ ಹೆಣ್ಣುಮಕ್ಕಳು ಒಬ್ಬರೇ ಬರಬಹುದಾದ ಬೀದಿ, ರಾತ್ರಿ ಹತ್ತರ ಮೇಲೆ ಸದ್ದಡಗುವ ಓಣಿ. ಇವು ತಾವಾಗಿ ಒದಗಿದ ಭಾಗ್ಯವಲ್ಲ. ಒಂದೊಂದರ ಹಿಂದೆಯೂ ಯಾರೋ ಹಾಕಿದ ನಕ್ಷೆಯಿದೆ, ಯಾವುದೋ ಕಾಲದ ನಿಯಮವಿದೆ, ಅಲ್ಲಿ ವಾಸವಾಗಿರುವವರ ಹಟವಿದೆ.

ಈ ಬಗೆಯ ಬಡಾವಣೆಗಳು ಹುಟ್ಟಿದ್ದು ಚೆಂದದ ಊರಿನ ಆಸೆಯಿಂದಲ್ಲ, ರೋಗದ ಭಯದಿಂದ. 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಚಿಕ್ಕಪೇಟೆ, ಬಳೇಪೇಟೆ, ಅಕ್ಕಿಪೇಟೆಗಳಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳು. ಗಾಳಿ ಬೆಳಕು ಕಡಿಮೆ, ಮೋರಿಗಳೆಲ್ಲ ತೆರೆದವು, ಧಾನ್ಯದ ಮಳಿಗೆಗಳ ಪಕ್ಕದಲ್ಲೇ ಸಂಸಾರಗಳು. ಸಾವಿರಾರು ಜನ ಸತ್ತರು, ಬಹಳ ಮಂದಿ ಊರು ಬಿಟ್ಟರು. ಆ ಪೆಟ್ಟಿನ ನಂತರ ಪೇಟೆಯ ದಕ್ಷಿಣಕ್ಕೆ ಬಸವನಗುಡಿಯೂ ವಾಯವ್ಯಕ್ಕೆ ಮಲ್ಲೇಶ್ವರವೂ ಬೆಳೆದವು. ದಂಡು ಪ್ರದೇಶದಲ್ಲಿ ಫ್ರೇಜರ್ ಟೌನನ್ನು ಕಟ್ಟುವಾಗ ಇಲಿ ನುಸುಳದ ಮನೆಗಳ ಮಾದರಿಯನ್ನೇ ಮುಂದಿಟ್ಟುಕೊಂಡರು. ನೇರವಾದ ಅಗಲ ರಸ್ತೆಗಳು, ಮನೆಯ ಸುತ್ತ ತೆರಪು, ಹಿಂದೆ ಹಿತ್ತಲು, ಗಾಳಿಯಾಡುವ ಕಿಟಕಿಗಳು, ನೀರು ನಿಲ್ಲದ ಚರಂಡಿ ಎಲ್ಲವೂ ಆರೋಗ್ಯದ ದೃಷ್ಟಿಯಿಂದ ಬಂದವು. ಇಂದು ಅವನ್ನೇ ಜನ ಹಳೆಯ ಬಡಾವಣೆಯ ಕಳೆ ಎಂದು ಮೆಚ್ಚಿಕೊಳ್ಳುತ್ತಾರೆ.

ಆ ನಕ್ಷೆಯಲ್ಲಿ ಎರಡು ಸಾಲು ಮನೆಗಳ ಹಿತ್ತಲುಗಳ ನಡುವೆ ಒಂದು ಕಿರುಗಲ್ಲಿಯೂ ಇತ್ತು. ಒಣ ಪಾಯಿಖಾನೆಗಳ ಮಲವನ್ನು ಹೊತ್ತೊಯ್ಯುವ ಕೆಲಸದವರು ಅದರಲ್ಲಿ ಓಡಾಡುತ್ತಿದ್ದರು. ಅವರು ಮುಂದಿನ ರಸ್ತೆಯಲ್ಲಿ ಕಾಣಿಸಬಾರದು ಎಂಬ ಜಾತಿಯ ಕ್ರೂರ ಲೆಕ್ಕಾಚಾರ ಆ ಗಲ್ಲಿಗಳಲ್ಲಿದೆ ಎಂಬುದನ್ನು ಮರೆಯಬಾರದು. ಒಳಚರಂಡಿ ಬಂದ ಮೇಲೆ ಗಲ್ಲಿಗಳು ಉಪಯೋಗವಿಲ್ಲದೆ ಕಸ ತುಂಬಿಕೊಂಡು ಬಿದ್ದಿದ್ದವು. ಮಲ್ಲೇಶ್ವರದಲ್ಲಿ ಈಚಿನ ವರ್ಷಗಳಲ್ಲಿ ನಿವಾಸಿಗಳೇ ಮುಂದೆ ಬಂದು ಇಂಥ ಕೆಲವು ಗಲ್ಲಿಗಳನ್ನು ಗುಡಿಸಿ, ಗೋಡೆಗಳಿಗೆ ಚಿತ್ರ ಬರೆದು, ವಾಹನಗಳಿಲ್ಲದ ಕಾಲುದಾರಿಯಾಗಿ ತೆರೆದಿದ್ದಾರೆ. ಮಕ್ಕಳು ಸೈಕಲ್ ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಊರಿನಲ್ಲಿ ಸಿಗುವುದು ಕಷ್ಟ.

ಜಯನಗರ ಇವುಗಳಿಗಿಂತ ಕಿರಿಯದು. 1945ರಲ್ಲಿ ಬೆಂಗಳೂರಿಗೆ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡ್ ಬಂತು. 1976ರಲ್ಲಿ ಅದರ ಜಾಗಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಈಗಿನ ಬಿಡಿಎ, ಬಂತು. ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಅದನ್ನು ಬ್ಲಾಕುಗಳಾಗಿ ಹಂಚಿದರು. ಒಂದು ಬ್ಲಾಕಿನವರು ತರಕಾರಿಗೆ, ಶಾಲೆಗೆ, ಪಾರ್ಕಿಗೆ ಇನ್ನೊಂದು ಊರಿನಷ್ಟು ದೂರ ಹೋಗಬೇಕಾಗಿಲ್ಲ ಎಂಬುದು ಈ ಹಂಚಿಕೆಯ ಫಲ. ಅಮೆರಿಕದ ಯೋಜಕ ಕ್ಲಾರೆನ್ಸ್ ಪೆರಿ 1929ರಲ್ಲಿ ಮುಂದಿಟ್ಟ ವಿಚಾರವೂ ಇದೇ ದಾರಿಯದು. ನಡುವೆ ಪ್ರಾಥಮಿಕ ಶಾಲೆ, ಅಲ್ಲಿಂದ ಸುತ್ತ ಕಾಲು ಮೈಲಿ, ಅಂದರೆ ಸುಮಾರು 400 ಮೀಟರಿನೊಳಗೆ ಮನೆಗಳು, ನೂರಕ್ಕೆ ಹತ್ತು ಪಾಲು ಬಯಲು ಜಾಗ, ಅಂಗಡಿಗಳೆಲ್ಲ ಅಂಚಿನಲ್ಲಿ, ದೊಡ್ಡ ರಸ್ತೆಗಳು ಬಡಾವಣೆಯನ್ನು ಸೀಳದೆ ಅದರ ಸುತ್ತ ಹಾಯಬೇಕು ಎಂದು ಪೆರಿ ಬರೆದ. ಅವನ ಎಣಿಕೆಯ ಮೂಲದಲ್ಲಿ ಇದ್ದದ್ದು ಒಂದು ಮಗು. ಆ ಮಗು ದೊಡ್ಡ ರಸ್ತೆ ದಾಟದೆ ಶಾಲೆಗೆ ನಡೆದು ಹೋಗಬೇಕು, ಅಷ್ಟೇ. ಬಡಾವಣೆಯ ಗುಣ ಅಳೆಯಲು ಇಂದಿಗೂ ಇದಕ್ಕಿಂತ ಸರಳವಾದ ಅಳತೆಗೋಲು ಇಲ್ಲ.

ಹಾಗಾಗಿ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ರಸ್ತೆ. ಬಡಾವಣೆಯ ಶಾಂತಿಯನ್ನು ಕೆಡಿಸುವುದು ಅಲ್ಲಿ ವಾಸಿಸುವವರ ವಾಹನಕ್ಕಿಂತ ಹೆಚ್ಚಾಗಿ ಅದನ್ನು ಹಾದು ಇನ್ನೆಲ್ಲಿಗೋ ಹೋಗುವವರ ವಾಹನ. ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಡೊನಾಲ್ಡ್ ಆಪಲ್‌ಯಾರ್ಡ್ ಎಂಬ ವಿದ್ವಾಂಸ 1960ರ ದಶಕದ ಕೊನೆಯಲ್ಲಿ ಮೂರು ಬೀದಿಗಳನ್ನು ಹೋಲಿಸಿ ನೋಡಿದ. ಬೀದಿಗಳು ಅಕ್ಕಪಕ್ಕದವು, ಮನೆಗಳೂ ಹೆಚ್ಚುಕಡಿಮೆ ಒಂದೇ ತೆರ. ಒಂದರಲ್ಲಿ ದಿನಕ್ಕೆ ಸುಮಾರು 2,000 ವಾಹನ, ಇನ್ನೊಂದರಲ್ಲಿ 8,000, ಮೂರನೆಯದರಲ್ಲಿ 16,000. ವಾಹನ ಕಡಿಮೆಯಿದ್ದ ಬೀದಿಯವರಿಗೆ ಅದೇ ಬೀದಿಯಲ್ಲಿ ಸರಾಸರಿ ಮೂವರು ಸ್ನೇಹಿತರೂ ಆರು ಜನ ಪರಿಚಿತರೂ ಇದ್ದರು. ವಾಹನ ಹೆಚ್ಚಿದ್ದ ಬೀದಿಯಲ್ಲಿ ಸ್ನೇಹಿತರು ಒಬ್ಬರಿಗಿಂತ ಕಡಿಮೆ, ಪರಿಚಿತರು ಮೂವರು. ಎದುರು ಮನೆಗೆ ದಾಟುವುದೇ ಕಷ್ಟವಾದಾಗ ಎದುರು ಮನೆಯವರು ಅಪರಿಚಿತರಾಗುತ್ತಾರೆ. ಅಲ್ಲಿನ ಜನ ರಸ್ತೆಯ ಕಡೆಯ ಕೋಣೆಗಳನ್ನು ಬಿಟ್ಟು ಮನೆಯ ಹಿಂಭಾಗಕ್ಕೆ ಸರಿದುಕೊಂಡಿದ್ದರು.

ವಾಹನದ ಸಂಖ್ಯೆಯಷ್ಟೇ ಮುಖ್ಯವಾದದ್ದು ವೇಗ. ಗಂಟೆಗೆ 30 ಕಿಲೋಮೀಟರ್ ವೇಗದ ಕಾರು, ಚಾಲಕ ಎಚ್ಚೆತ್ತು ಬ್ರೇಕ್ ಒತ್ತಿ ನಿಲ್ಲುವ ಹೊತ್ತಿಗೆ ಒಣ ರಸ್ತೆಯಲ್ಲಿ ಹೆಚ್ಚುಕಡಿಮೆ 13 ಮೀಟರು ಸಾಗಿರುತ್ತದೆ. 50ರ ವೇಗದಲ್ಲಿ ಅದೇ ದೂರ ಸುಮಾರು 28 ಮೀಟರಿಗೆ ಏರುತ್ತದೆ. ಡಿಕ್ಕಿಯ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಹೆಚ್ಚುವುದರಿಂದ ಪೆಟ್ಟಿನ ಬಲ ಸುಮಾರು ಎರಡೂಮುಕ್ಕಾಲು ಪಟ್ಟಾಗುತ್ತದೆ. ಚೆಂಡಿನ ಹಿಂದೆ ಓಡಿಬಂದ ಮಗುವಿಗೆ ಈ ಎರಡು ವೇಗಗಳ ನಡುವಿನ ಅಂತರವೇ ಬದುಕು ಸಾವಿನ ಅಂತರ. ಜನರೂ ವಾಹನಗಳೂ ಬೆರೆಯುವ ರಸ್ತೆಗಳಲ್ಲಿ ವೇಗ 30 ಮೀರಬಾರದೆಂದು 2020ರ ಸ್ಟಾಕ್‌ಹೋಮ್ ಘೋಷಣೆ ಹೇಳಿದ್ದು ಈ ಕಾರಣಕ್ಕೇ.

ಬಸವನಗುಡಿ, ಜಯನಗರಗಳ ಮೇನು ಮತ್ತು ಕ್ರಾಸುಗಳ ಚೌಕುಳಿಯಲ್ಲಿ ಒಂದು ಗುಣವೂ ಒಂದು ದೋಷವೂ ಒಟ್ಟಿಗೆ ಇವೆ. ನಡೆಯುವವರಿಗೆ ಅದು ವರ, ಏಕೆಂದರೆ ಯಾವ ಮೂಲೆಯಿಂದ ಯಾವ ಮೂಲೆಗೂ ನೇರ ದಾರಿಯಿದೆ. ಆದರೆ ಮೇನ್ ರೋಡಿನಲ್ಲಿ ವಾಹನ ಕಟ್ಟಿಕೊಂಡರೆ ಅದೇ ನೇರ ದಾರಿಗಳಿಂದ ಸ್ಕೂಟರು, ಆಟೋ, ಕ್ಯಾಬುಗಳು ಒಳಗೆ ನುಗ್ಗುತ್ತವೆ. ಇದನ್ನು ತಡೆಯಲು ದೊಡ್ಡ ಖರ್ಚೇನೂ ಬೇಡ. ಕೆಲವು ಕ್ರಾಸುಗಳನ್ನು ಏಕಮುಖ ಮಾಡಿದರೆ, ತಿರುವುಗಳನ್ನು ಕಿರಿದಾಗಿಸಿದರೆ, ಸರಿಯಾದ ಅಳತೆಯ ಹಂಪು ಹಾಕಿದರೆ ಅರ್ಧ ಕೆಲಸ ಮುಗಿಯುತ್ತದೆ. ರಸ್ತೆ ಅಗಲ ಮಾಡುವುದರಿಂದ ಮಾತ್ರ ಆಗುವುದು ತದ್ವಿರುದ್ಧ. ಮನೆಗಳಿರುವ ರಸ್ತೆಯನ್ನು ಅಗಲ ಮಾಡಿದಾಗಲೆಲ್ಲ ಅಲ್ಲಿಗೆ ಹೊಸ ವಾಹನಗಳನ್ನು ಕರೆದಂತೆಯೇ.

ಶಾಂತಿ ಎಂದರೆ ಸದ್ದೇ ಇಲ್ಲದಿರುವುದಲ್ಲ. ಬೆಳಿಗ್ಗೆ ಹಾಲಿನ ಕ್ರೇಟು ಇಳಿಸುವ ಸದ್ದು, ಸೊಪ್ಪಿನವಳ ಕೂಗು, ಎಲ್ಲೋ ಸಂಗೀತದ ಪಾಠ, ಕುಕ್ಕರಿನ ಸೀಟಿ, ಸಂಜೆ ಮಕ್ಕಳ ಗಲಾಟೆ ಇವೆಲ್ಲ ಕಿವಿಗೆ ಬಿದ್ದರೂ ಯಾರ ನಿದ್ದೆಯೂ ಕೆಡುವುದಿಲ್ಲ. ಮೈಮನಸ್ಸನ್ನು ದಣಿಸುವುದು ನಿಲ್ಲದೆ ಮೊರೆಯುವ ಸಂಚಾರ, ಹಾರನ್ನು, ಜನರೇಟರು, ರಾತ್ರಿ ಕಾಂಕ್ರೀಟ್ ಹಾಕುವ ಯಂತ್ರ. 2000ದಲ್ಲಿ ಬಂದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಎಂದರೆ ಹತ್ತರಿಂದ ಬೆಳಗಿನ ಆರರವರೆಗೆ. ಡೆಸಿಬಲ್ ಲೆಕ್ಕ ಸಾಮಾನ್ಯ ಲೆಕ್ಕದಂತಲ್ಲ. ಹತ್ತು ಡೆಸಿಬಲ್ ಏರಿದರೆ ಕಿವಿಗೆ ಸದ್ದು ಹೆಚ್ಚುಕಡಿಮೆ ಇಮ್ಮಡಿಯಾಗಿ ಕೇಳುತ್ತದೆ. ಆದ್ದರಿಂದ 55ರ ಮಿತಿಯ ಜಾಗದಲ್ಲಿ 65 ದಾಖಲಾಯಿತೆಂದರೆ ಅದು ಸಣ್ಣ ತಪ್ಪಲ್ಲ. ಪರೀಕ್ಷೆಗೆ ಓದುವ ಹುಡುಗ, ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವ ನರ್ಸು, ಹಸುಗೂಸಿನ ತಾಯಿ ಇವರಿಗೆ ಆ ಹತ್ತು ಡೆಸಿಬಲ್ ದಿನದಿನದ ಕಷ್ಟ.

ವರ್ಷದಲ್ಲಿ ಕೆಲವು ದಿನ ಈ ಲೆಕ್ಕ ತಪ್ಪುತ್ತದೆ, ತಪ್ಪಬೇಕು ಕೂಡ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆದಾಗ ಬುಲ್ ಟೆಂಪಲ್ ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಲ್ಲಿನವರು ಇದಕ್ಕೆ ಗೊಣಗುವುದು ಕಡಿಮೆ. ಅದು ಅವರದೇ ಹಬ್ಬ, ಮುಗಿಯುವ ದಿನವೂ ಗೊತ್ತು.

ಇನ್ನು ಮರ. ಬೆಂಗಳೂರಿನ ಹಳೆಯ ಬಡಾವಣೆಗಳ ಚೆಲುವಿನಲ್ಲಿ ಅರ್ಧ ಪಾಲು ಮರಗಳದು ಎಂದರೆ ಅತಿಶಯವಲ್ಲ. ಮಲ್ಲೇಶ್ವರದ ಎರಡು ಮುಖ್ಯ ರಸ್ತೆಗಳ ಹೆಸರೇ ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ; ಮಾರ್ಗೋಸಾ ಎಂದರೆ ಬೇವು. 1908ರಿಂದ 1932ರವರೆಗೆ ಲಾಲ್‌ಬಾಗನ್ನು ನೋಡಿಕೊಂಡ ಜರ್ಮನ್ ತೋಟಗಾರಿಕಾ ತಜ್ಞ ಕ್ರುಂಬಿಗಲ್, ಊರಿನ ರಸ್ತೆಗಳಲ್ಲಿ ವರ್ಷದ ಯಾವ ತಿಂಗಳು ನೋಡಿದರೂ ಒಂದಲ್ಲ ಒಂದು ಜಾತಿಯ ಮರ ಹೂಬಿಟ್ಟಿರುವಂತೆ ಆರಿಸಿ ನೆಡುವ ಪದ್ಧತಿ ತಂದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರ ಮುಂದಾಳತ್ವದಲ್ಲಿ ನಗರದಲ್ಲಿ ಸುಮಾರು 15 ಲಕ್ಷ ಗಿಡಗಳನ್ನು ನೆಡಲಾಯಿತು. ಇಂದು ನಡುವಯಸ್ಸಿನ ಬಡಾವಣೆಗಳಲ್ಲಿ ತಲೆಯ ಮೇಲೆ ಚಪ್ಪರ ಹಾಕಿರುವ ಮರಗಳಲ್ಲಿ ಆ ಕಾಲದವು ಬಹಳ.

ಮರದ ಉಪಕಾರ ಕಣ್ಣಿಗೆ ಕಾಣುವ ಹಸಿರಿಗೆ ನಿಲ್ಲುವುದಿಲ್ಲ. ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ಬೆಂಗಳೂರಿನ ರಸ್ತೆಗಳಲ್ಲೇ ಅಳೆದು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮರಗಳಿರುವ ರಸ್ತೆಯಲ್ಲಿ ಮಧ್ಯಾಹ್ನದ ಗಾಳಿಯ ಉಷ್ಣತೆ ಮರಗಳಿಲ್ಲದ ರಸ್ತೆಗಿಂತ 5.6 ಡಿಗ್ರಿಯವರೆಗೂ ಕಡಿಮೆ ಇತ್ತು. ಡಾಂಬರಿನ ಮೇಲ್ಮೈಯ ಬಿಸಿಯಲ್ಲಂತೂ 27.5 ಡಿಗ್ರಿಯವರೆಗೆ ವ್ಯತ್ಯಾಸ. ಏಪ್ರಿಲ್ ತಿಂಗಳ ಮೂರು ಗಂಟೆಗೆ ಶಾಲೆ ಬಿಟ್ಟ ಮಗು ನಡೆದು ಬರುತ್ತದೋ ಆಟೋಗೆ ಕಾಯುತ್ತದೋ ಎಂಬುದನ್ನು ಈ ನೆರಳೇ ತೀರ್ಮಾನಿಸುತ್ತದೆ. ಅಜ್ಜ ಔಷಧಿ ಅಂಗಡಿಗೆ ತಾವೇ ಹೋಗಿ ಬರುವುದೂ ಇದರ ಮೇಲೆಯೇ ನಿಂತಿದೆ. ಬೇರು ಎದ್ದು ಫುಟ್‌ಪಾತಿನ ಚಪ್ಪಡಿ ಒಡೆಯುವುದು ನಿಜ. ಅದಕ್ಕೆ ಮದ್ದು ಬುಡದ ಸುತ್ತ ಮಣ್ಣಿಗೆ ಜಾಗ ಬಿಟ್ಟು ಚಪ್ಪಡಿ ಹಾಸುವುದು, ಮರ ಕಡಿಯುವುದಲ್ಲ.

ಮಕ್ಕಳಿರುವ ಮನೆಯಲ್ಲಿ ದಿನಕ್ಕೆ ಹತ್ತು ಸಲ ಏನಾದರೊಂದು ಬೇಕಾಗುತ್ತದೆ. ಡ್ರಾಯಿಂಗ್ ಹಾಳೆ, ಅರ್ಧ ಲೀಟರ್ ಹಾಲು, ಜ್ವರದ ಮಾತ್ರೆ, ಪೂಜೆಗೆ ಒಂದು ಮೊಳ ಹೂವು. ಇವಕ್ಕೆಲ್ಲ ಗಾಡಿ ತೆಗೆಯಬೇಕಾದ ಊರಿನಲ್ಲಿ ತಂದೆತಾಯಿಯ ಸಂಜೆಗಳು ಅದರಲ್ಲೇ ಕಳೆದುಹೋಗುತ್ತವೆ. ಹಳೆಯ ಬಡಾವಣೆಯಲ್ಲಿ ಮೂಲೆಯ ದಿನಸಿ ಅಂಗಡಿ, ನಂದಿನಿ ಬೂತು, ಅಯ್ಯಂಗಾರ್ ಬೇಕರಿ, ಇಸ್ತ್ರಿ ಗಾಡಿ, ಹಿಟ್ಟಿನ ಗಿರಣಿ ಐದು ನಿಮಿಷದ ನಡಿಗೆಯಲ್ಲಿ ಸಿಗುತ್ತವೆ. ಗಿರಣಿಯ ಮುಂದೆ ರಾಗಿ, ಗೋಧಿಯ ಡಬ್ಬಗಳು ಸಾಲಾಗಿ ಕೂತಿರುತ್ತವೆ. ಡಬ್ಬ ಯಾರದೆಂದು ಗಿರಣಿಯವನಿಗೆ ಮುಚ್ಚಳ ನೋಡಿದರೆ ಗೊತ್ತು. ರಾಗಿ ಬೀಸುವ ಮೊದಲು ಕಲ್ಲಿನಲ್ಲಿ ಉಳಿದ ಗೋಧಿ ಹಿಟ್ಟು ಬರಲಿ ಎಂದು ಒಂದು ಹಿಡಿ ಹಾಕಿ ತೆಗೆಯುತ್ತಾನೆ. ಹತ್ತು ವರ್ಷದ ಹುಡುಗಿಯ ಕೈಯಲ್ಲಿ ಡಬ್ಬ ಕೊಟ್ಟು ಕಳಿಸಿದರೆ ಹಿಟ್ಟೂ ಬರುತ್ತದೆ, ಚಿಲ್ಲರೆಯೂ ಸರಿಯಾಗಿ ಬರುತ್ತದೆ. ಮನೆಯಾಚೆಯ ಲೋಕದಲ್ಲಿ ಒಂದು ಕೆಲಸವನ್ನು ಒಬ್ಬಳೇ ಮುಗಿಸಿ ಬರುವ ಧೈರ್ಯ ಆ ಹುಡುಗಿಗೆ ಹೀಗೆ ಬರುತ್ತದೆ. ಮನೆಯ ಬಾಗಿಲಿಗೇ ಎಲ್ಲ ತಂದುಕೊಡುವ ಆ್ಯಪುಗಳು ಅನುಕೂಲವೇನೋ ಹೌದು, ಆದರೆ ಈ ಕಲಿಕೆಯನ್ನು ಕಿತ್ತುಕೊಳ್ಳುತ್ತವೆ.

ದೊಡ್ಡ ವ್ಯಾಪಾರಕ್ಕೆ ಪ್ರತಿಯೊಂದು ಬಡಾವಣೆಗೂ ತನ್ನದೇ ಬೀದಿ ಉಂಟು. ಬಸವನಗುಡಿಗೆ ಗಾಂಧಿ ಬಜಾರ್, ಮಲ್ಲೇಶ್ವರಕ್ಕೆ ಎಂಟನೇ ಕ್ರಾಸ್, ಜಯನಗರಕ್ಕೆ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸು. ಗೌರಿ ಹಬ್ಬದ ಹಿಂದಿನ ದಿನ ಗಾಂಧಿ ಬಜಾರಿನಲ್ಲಿ ಬಾಳೆಕಂದು, ಸೇವಂತಿಗೆ, ಮಣ್ಣಿನ ಗಣಪನ ನಡುವೆ ನಡೆಯುವುದೇ ಒಂದು ಸಾಹಸ. 1943ರಿಂದ ಅಲ್ಲೇ ಇರುವ ವಿದ್ಯಾರ್ಥಿ ಭವನದ ದೋಸೆಗೆ ಭಾನುವಾರ ಸಾಲು ನಿಲ್ಲಬೇಕು. ಇಲ್ಲಿ ಗಮನಿಸಬೇಕಾದದ್ದು, ಈ ಗದ್ದಲದಿಂದ ಎರಡು ಕ್ರಾಸು ಒಳಗೆ ಹೋದರೆ ಸದ್ದು ತಗ್ಗಿಹೋಗುತ್ತದೆ. ಅಂಗಡಿಗಳಿಗೆ ಒಂದು ಬೀದಿ, ಸಂಸಾರಗಳಿಗೆ ಉಳಿದ ಬೀದಿಗಳು ಎಂಬ ವಿಂಗಡಣೆ ಉಳಿದುಕೊಂಡಲ್ಲೆಲ್ಲ ಎರಡೂ ಚೆನ್ನಾಗಿವೆ.

ಸುರಕ್ಷತೆಯ ವಿಷಯದಲ್ಲಿ ಜನ ಸಾಮಾನ್ಯವಾಗಿ ಕ್ಯಾಮೆರಾ, ಸೆಕ್ಯೂರಿಟಿ ಗಾರ್ಡುಗಳ ಮಾತಾಡುತ್ತಾರೆ. ಅವಕ್ಕಿಂತ ಹಳೆಯದೂ ಗಟ್ಟಿಯೂ ಆದ ಕಾವಲು ಜನರ ಕಣ್ಣು. ನ್ಯೂಯಾರ್ಕಿನ ಬೀದಿಗಳನ್ನು ನೋಡಿ ಜೇನ್ ಜೇಕಬ್ಸ್ 1961ರಲ್ಲಿ ಪ್ರಕಟಿಸಿದ ಪುಸ್ತಕದ ಮುಖ್ಯ ಮಾತುಗಳಲ್ಲಿ ಇದೊಂದು: ಬೀದಿಯನ್ನು ಕಾಯುವುದು ಪೊಲೀಸರಿಗಿಂತ ಹೆಚ್ಚಾಗಿ ಅಲ್ಲಿ ಓಡಾಡುವ, ಕಿಟಕಿಯಿಂದ ನೋಡುವ, ಅಂಗಡಿ ತೆರೆದು ಕೂತ ಮಂದಿ. ನಮ್ಮ ಕಡೆ ಇದನ್ನು ಯಾರೂ ಪುಸ್ತಕ ಓದಿ ಕಲಿಯಬೇಕಾಗಿರಲಿಲ್ಲ. ಮನೆಗಳಿಗೆ ಜಗಲಿಗಳಿದ್ದವು. ಕಾಂಪೌಂಡು ಎದೆಯ ಮಟ್ಟಕ್ಕಷ್ಟೇ ಇತ್ತು. ಸಂಜೆ ಐದೂವರೆಯ ಹೊತ್ತಿಗೆ ಒಂದು ಕ್ರಾಸಿನಲ್ಲಿ ನಿಂತು ನೋಡಿದರೆ ತಿಳಿಯುತ್ತದೆ. ಗೇಟಿನ ಬಳಿ ಅಜ್ಜಿ ಹೂ ಕಟ್ಟುತ್ತ ಕೂತಿದ್ದಾರೆ. ಎದುರಿಗೆ ಇಸ್ತ್ರಿಯವನು ಇದ್ದಿಲು ಊದುತ್ತಿದ್ದಾನೆ. ಮೇಲಿನ ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿರುವವರು ಕೆಳಗೆ ಕ್ರಿಕೆಟ್ ಆಡುವ ಮಕ್ಕಳಿಗೆ, ‘ಕಾರು ಬರ್ತಿದೆ, ಪಕ್ಕಕ್ಕೆ ಬನ್ರೋ’ ಎಂದು ಕೂಗುತ್ತಾರೆ. ಆ ಮಕ್ಕಳಲ್ಲಿ ಅವರದೊಂದೂ ಇರಬೇಕೆಂದಿಲ್ಲ. ಹೊಸಬರು ಯಾರಾದರೂ ವಿಳಾಸ ಹುಡುಕುತ್ತ ಬಂದರೆ, ‘ಯಾರ ಮನೆ ಬೇಕಿತ್ತು?’ ಎಂಬ ಪ್ರಶ್ನೆ ಮೂರು ಕಡೆಯಿಂದ ಬರುತ್ತದೆ.

ಈ ಕಣ್ಣುಗಳನ್ನು ಕಟ್ಟಡದ ರೂಪವೇ ಮುಚ್ಚಿಬಿಡಬಹುದು. ಒಂದು ಸೈಟಿನ ಹಳೆಯ ಮನೆ ಕೆಡವಿ ಕೆಳಗೆ ಪೂರಾ ಕಾರು ನಿಲ್ಲಿಸುವ ಜಾಗ, ಮೇಲೆ ನಾಲ್ಕು ಅಂತಸ್ತು ಕಟ್ಟಿದಾಗ ಬೀದಿಯ ಮಟ್ಟದಲ್ಲಿ ಜನವೇ ಇರುವುದಿಲ್ಲ. ಅಂಥ ಕಟ್ಟಡಗಳ ಸಾಲು ಬಂದ ಬೀದಿ ರಾತ್ರಿ ಎಂಟಕ್ಕೇ ನಿರ್ಜನ. ಮುಚ್ಚಿದ ಗೇಟಿನ ದೊಡ್ಡ ಅಪಾರ್ಟ್‌ಮೆಂಟು ಸಮುಚ್ಚಯಗಳದೂ ಇದೇ ಸಮಸ್ಯೆ. ಒಳಗೆ ಉಯ್ಯಾಲೆ, ಈಜುಕೊಳ, ಕಾವಲು ಎಲ್ಲ ಇದ್ದು ಮಕ್ಕಳು ನಿರಾತಂಕವಾಗಿ ಆಡುತ್ತಾರೆ, ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಅವುಗಳ ಉದ್ದನೆಯ ಗೋಡೆ ಹೊರಗಿನ ರಸ್ತೆಯನ್ನು ಪಾಳುಬಿಡುತ್ತದೆ. ಆ ರಸ್ತೆಯಲ್ಲೇ ಮನೆಕೆಲಸದ ಹೆಂಗಸರು ಸಂಜೆ ಬಸ್ ಸ್ಟಾಪಿಗೆ ನಡೆಯಬೇಕು. ಗೋಡೆಯೊಳಗೆ ಕೂಡಿಟ್ಟ ಶಾಂತಿಗಿಂತ ಬೀದಿಯಲ್ಲಿ ಹಂಚಿಕೊಂಡ ಶಾಂತಿಯೇ ಊರಿಗೆ ಹೆಚ್ಚು ಬೆಲೆಯುಳ್ಳದ್ದು.

ಪಾರ್ಕು, ಮೈದಾನಗಳ ಮಾತು. ಬಸವನಗುಡಿಯ ಎಂ.ಎನ್. ಕೃಷ್ಣರಾವ್ ಪಾರ್ಕಿಗೆ ಬೆಳಿಗ್ಗೆ ಹೋದರೆ ನಡೆಯುವವರು, ಯೋಗ ಮಾಡುವವರು, ಕಲ್ಲುಬೆಂಚಿನ ಮೇಲೆ ಪತ್ರಿಕೆ ಹಂಚಿಕೊಂಡು ಓದುವ ನಿವೃತ್ತರು ಸಿಗುತ್ತಾರೆ. ಮಲ್ಲೇಶ್ವರದವರಿಗೆ 1882ರ ಸ್ಯಾಂಕಿ ಕೆರೆಯ ಏರಿಯಿದೆ, ಜಯನಗರದ ಉತ್ತರದ ಅಂಚಿಗೆ ಲಾಲ್‌ಬಾಗೇ ಇದೆ. ಹಿರಿಯರಿಗೆ ಬೇಕಾದದ್ದು ನೆರಳು, ಸಮತಟ್ಟಾದ ದಾರಿ, ಕೂರಲು ಬೆಂಚು, ಸ್ವಚ್ಛವಾದ ಶೌಚಾಲಯ. ಮಕ್ಕಳಿಗೆ ಬೇಕಾದದ್ದು ಮಣ್ಣು ಮತ್ತು ಓಡಲು ಜಾಗ. ಈಗಿನ ಎಷ್ಟೋ ಪಾರ್ಕುಗಳಲ್ಲಿ ಹುಲ್ಲಿಗೆ ಬೇಲಿ, ಚೆಂಡಾಟಕ್ಕೆ ನಿಷೇಧ, ಮಧ್ಯಾಹ್ನವಿಡೀ ಬೀಗ. ಇದು ತಪ್ಪು. ಪಾರ್ಕು ನೋಡಿ ಮೆಚ್ಚುವ ವಸ್ತುವಲ್ಲ, ಬಳಸುವ ಜಾಗ. ಶಾಲೆ ಬಿಟ್ಟ ಹೊತ್ತಿನಲ್ಲಿ ಬೀಗ ಹಾಕಿದ ಪಾರ್ಕು ಮಕ್ಕಳ ಪಾಲಿಗೆ ಇಲ್ಲದ ಪಾರ್ಕೇ.

ಮಳೆ ಬಂದ ಸಂಜೆಗೂ, ಮನೆಯಲ್ಲಿ ಬೇಸರವಾದ ಮುಪ್ಪಿಗೂ ಇನ್ನೊಂದು ಬಗೆಯ ಜಾಗ ಬೇಕು. ಇದರಲ್ಲಿ ಬಸವನಗುಡಿಯ ಸುತ್ತಿನವರು ಪುಣ್ಯವಂತರು. 1905ರ ಬೆಂಗಳೂರು ಗಾಯನ ಸಮಾಜದಲ್ಲಿ ಕಚೇರಿ, ಬಿ.ಪಿ. ವಾಡಿಯಾ 1945ರಲ್ಲಿ ಆರಂಭಿಸಿದ ವಿಶ್ವ ಸಂಸ್ಕೃತಿ ಸಂಸ್ಥೆಯಲ್ಲಿ ಗ್ರಂಥಾಲಯ ಮತ್ತು ಉಪನ್ಯಾಸ, ಅದೇ ವರ್ಷ ಡಿ.ವಿ.ಜಿ. ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯಲ್ಲಿ ಚರ್ಚೆ. ಇವೆಲ್ಲ ಮನೆಯಿಂದ ನಡೆದು ಹೋಗುವ ದೂರದಲ್ಲಿ, ಹೆಚ್ಚಿನವು ಖರ್ಚಿಲ್ಲದೆ. ಒಂದು ಬಡಾವಣೆ ಮೂರು ತಲೆಮಾರನ್ನು ಹಿಡಿದಿಟ್ಟುಕೊಳ್ಳುವುದು ಇಂಥ ಜಾಗಗಳಿಂದ. ಮಾಲುಗಳಿಂದ ಅದು ಆಗುವುದಿಲ್ಲ, ಅಲ್ಲಿ ದುಡ್ಡು ಖರ್ಚು ಮಾಡದವನಿಗೆ ಹೆಚ್ಚು ಹೊತ್ತು ಕೂರಲು ಹಕ್ಕಿಲ್ಲ.

ನೀರು, ಚರಂಡಿ, ಕಸ, ಬೀದಿ ದೀಪ ಸರಿಯಿರಬೇಕು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಬಸ್ಸೂ ಹತ್ತಿರವಿರಬೇಕು. 2017ರಲ್ಲಿ ಹಸಿರು ಮಾರ್ಗದ ಮೆಟ್ರೊದ ಮೊದಲ ಹಂತ ಪೂರಾ ತೆರೆದ ಮೇಲೆ ಈ ಮೂರೂ ಬಡಾವಣೆಗಳಿಗೆ ರೈಲು ಬಂತು. ಅದರ ಬೆಲೆಯನ್ನೂ ಒಂದು ಬಡಾವಣೆ ತೆತ್ತಿದೆ. ಜಯನಗರದ ಲಕ್ಷ್ಮಣರಾವ್ ಪಾರ್ಕಿನ ಮರಗಳು 2009ರಲ್ಲಿ ಉರುಳುವಾಗ ಅಲ್ಲಿನವರು ಬೀದಿಗಿಳಿದು ವಿರೋಧಿಸಿದ್ದರು.

ಇಂಥ ಬಡಾವಣೆಗೆ ಅದರ ಒಳ್ಳೆಯತನವೇ ಮುಳುವಾಗುವುದೂ ಉಂಟು. ಎಲ್ಲರಿಗೂ ಬೇಕಾದ ಜಾಗದಲ್ಲಿ ನೆಲದ ಬೆಲೆ ಏರುತ್ತದೆ. ಅಜ್ಜ ಕಟ್ಟಿಸಿದ ಮನೆ ನಾಲ್ಕು ಮಕ್ಕಳಲ್ಲಿ ಹಂಚಿಕೆಯಾಗಬೇಕಾದಾಗ ಮಾರುವುದೇ ಸುಲಭ. ಕೊಂಡವರು ಅಂತಸ್ತುಗಳನ್ನು ಏರಿಸುತ್ತಾರೆ, ಇಲ್ಲವೇ ಕೆಳಗೆ ಶೋರೂಮು ತೆರೆಯುತ್ತಾರೆ. 2007ರಲ್ಲಿ ಜಾರಿಗೆ ಬಂದ, 2015ಕ್ಕೆ ಎಂದು ಮಾಡಿದ ಪರಿಷ್ಕೃತ ಮಹಾಯೋಜನೆ ವಸತಿ ರಸ್ತೆಗಳಲ್ಲಿ ಷರತ್ತಿನ ಮೇಲೆ ಒಂದಷ್ಟು ವಾಣಿಜ್ಯಕ್ಕೆ ಎಡೆಮಾಡಿತು. ಮೂಲೆಯ ದಿನಸಿ ಅಂಗಡಿಗೂ ನೂರು ಕಾರು ತರಿಸುವ ಹೋಟೆಲಿಗೂ ಇರುವ ವ್ಯತ್ಯಾಸವನ್ನು ಗಟ್ಟಿಯಾಗಿ ಕಾಯದಿದ್ದರೆ ಆ ಎಡೆ ಬಾಗಿಲಾಗುತ್ತದೆ.

ಇನ್ನೊಂದು ದೋಷ ಒಳಗಿನದು. ‘ಸಂಸಾರಸ್ಥರಿಗೆ ಮಾತ್ರ’ ಎಂಬ ಮಾತು ಎಷ್ಟೋ ಸಲ ಜಾತಿ, ಧರ್ಮ, ಊಟದ ಪದ್ಧತಿ ಕೇಳುವುದಕ್ಕೆ ಮುಸುಕಾಗುತ್ತದೆ. ಒಂಟಿ ಹೆಣ್ಣುಮಗಳಿಗೆ, ಮಾಂಸ ತಿನ್ನುವವರಿಗೆ, ಬೇರೆ ಧರ್ಮದವರಿಗೆ ಮನೆ ಕೊಡದ ಬೀದಿ ಶಾಂತವಾಗಿ ಕಂಡರೂ ಅದನ್ನು ಒಳ್ಳೆಯ ಬೀದಿ ಎನ್ನಲಾಗದು. ನೆರೆಹೊರೆಯ ನೆಮ್ಮದಿಗೆ ಬೇಕಾದದ್ದು ನಡತೆ, ರಾತ್ರಿ ಹತ್ತರ ಮೇಲೆ ಸದ್ದು ಮಾಡದ ಸೌಜನ್ಯ, ಪಕ್ಕದ ಗೇಟಿಗೆ ಅಡ್ಡವಾಗಿ ಗಾಡಿ ನಿಲ್ಲಿಸದ ವಿವೇಕ. ಇವಕ್ಕೆ ಜಾತಿಯಿಲ್ಲ. ಬೀದಿ ಗುಡಿಸುವ ಪೌರಕಾರ್ಮಿಕರು, ಮನೆಕೆಲಸದವರು, ತರಕಾರಿಯವರು ಅದೇ ಬಡಾವಣೆಯ ಹತ್ತಿರ ವಾಸಿಸಲು ಆಗುವಂತಿದ್ದರೆ ಅದು ಇನ್ನೂ ಗಟ್ಟಿಯಾಗಿರುತ್ತದೆ.

ಕೆಡುವುದನ್ನು ತಡೆಯಲು ದಾರಿಗಳಿವೆ. ಸದಾಶಿವನಗರದ ಕಡೆಯ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. ಸುಪ್ರೀಂ ಕೋರ್ಟು 1991ರಲ್ಲಿ ಅವರ ಪರ ತೀರ್ಪಿತ್ತು, ಸಾರ್ವಜನಿಕರಿಗೆ ಮೀಸಲಾದ ಬಯಲನ್ನು ಹೀಗೆ ಖಾಸಗಿಗೆ ಕೊಡುವಂತಿಲ್ಲ ಎಂದಿತು. ದೇಶದ ಯಾವ ಮೂಲೆಯಲ್ಲಿ ಪಾರ್ಕಿನ ವ್ಯಾಜ್ಯ ಬಂದರೂ ಇಂದು ವಕೀಲರು ಈ ಬೆಂಗಳೂರಿನ ತೀರ್ಪನ್ನು ಮುಂದಿಡುತ್ತಾರೆ. ಕರ್ನಾಟಕದಲ್ಲಿ ಪಾರ್ಕು, ಆಟದ ಮೈದಾನ, ಬಯಲು ಜಾಗಗಳನ್ನು ಕಾಪಾಡಲೆಂದೇ 1985ರ ಕಾಯ್ದೆಯೂ ಇದೆ. ಆದರೆ ಕಾಯ್ದೆ ತಾನಾಗಿ ಎದ್ದು ಬರುವುದಿಲ್ಲ. ಯಾರಾದರೂ ಅರ್ಜಿ ಬರೆಯಬೇಕು, ವಾರ್ಡಿನ ಸಭೆಗೆ ಹೋಗಿ ಕೂರಬೇಕು, ಕಡಿಯಲು ಗುರುತು ಹಾಕಿದ ಮರದ ಬಗ್ಗೆ ಕೇಳಬೇಕು. ಹಳೆಯ ಬಡಾವಣೆಗಳು ಇಷ್ಟಾದರೂ ಉಳಿದಿರುವುದು ಆ ಕೆಲಸವನ್ನು ಬೇಸರಿಸದೆ ಮಾಡಿದ ನಿವಾಸಿಗಳಿಂದ.

ಮನೆ ಹುಡುಕುತ್ತಿರುವವರಿಗೆ ಒಂದು ಮಾತು. ಭಾನುವಾರ ಬೆಳಿಗ್ಗೆ ನೋಡಿದರೆ ಯಾವ ಬೀದಿಯೂ ಶಾಂತವಾಗಿಯೇ ಕಾಣುತ್ತದೆ. ವಾರದ ದಿನ ಶಾಲೆ ಬಿಡುವ ಹೊತ್ತಿಗೆ ಒಮ್ಮೆ, ರಾತ್ರಿ ಹತ್ತೂವರೆಗೆ ಒಮ್ಮೆ, ಜೋರು ಮಳೆ ನಿಂತ ಮೇಲೆ ಒಮ್ಮೆ ಆ ಬೀದಿಯಲ್ಲಿ ನಡೆದು ನೋಡಬೇಕು. ಹತ್ತಿರದ ಅಂಗಡಿಯವರನ್ನೂ ಇಸ್ತ್ರಿಯವರನ್ನೂ ಮಾತಾಡಿಸಿದರೆ ಬ್ರೋಕರು ಹೇಳದ ಸಂಗತಿಗಳು ತಿಳಿಯುತ್ತವೆ. ಮನೆ ಕೊಳ್ಳುವವರಾದರೆ ಆ ರಸ್ತೆ ಮಹಾಯೋಜನೆಯ ನಕ್ಷೆಯಲ್ಲಿ ವಸತಿ ವಲಯದಲ್ಲಿದೆಯೋ, ಅಗಲೀಕರಣದ ಪಟ್ಟಿಯಲ್ಲಿದೆಯೋ ಎಂಬುದನ್ನು ಅಡ್ವಾನ್ಸು ಕೊಡುವ ಮೊದಲೇ ವಿಚಾರಿಸಿಕೊಳ್ಳಬೇಕು.